ಹಿತ್ತಾಳೆ ದೇವಿಯ ಹೆಸರು

ಮುಂಡರಗಿಯ ಸಾವಂತ್ರೆವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಆಕೆ ಸೊಸೆ ಕರಿಯವ್ವನ ಕೈಹಿಡಿದೇ ಓಡಾಡುವಂತಾಗಿತ್ತು. ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಿದ್ದ ತಮ್ಮ ಹೊಳೆಯಪ್ಪ ಆಕೆಯನ್ನು ಕರೆಸಿಕೊಂಡು ಶಸ್ತ್ರಕ್ರಿಯೆ ಮಾಡಿಸಿದ. ದಪ್ಪ ಗಾಜಿನ ಚಾಳೀಸು ಮೂಗಿಗೇರಿದ ಮೇಲೆ ಆಕೆಗೆ ಮನೆಯಲ್ಲಿ ಕೂರುವುದೇ ಬೇಡವಾಯಿತು. ರಜೆಯ ದಿನ ತಮ್ಮ ಆಕೆಯನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದ.

ಜಲ್ದಿ ಮುಗಿದೀತೆಂದು ಅವನ ಎಣಿಕೆ. ಆಕೆಯೋ ಒಂದೊಂದು ಗಾಜಿನ ಪೆಟ್ಟಿಗೆಯ ಮುಂದೂ ನಿಂತಳು. ನೀಲಿ ಚಿತ್ತಾರದ ಪಿಂಗಾಣಿ ಹೂಜಿ, ದಂತದಲ್ಲಿ ಕೆತ್ತಿದ ಬೆಸ್ತ, ರೇಷ್ಮೆಯ ಮೇಲೆ ಬರೆದ ದೇವರು.

“ಚೀನಾ, ಜಪಾನ ಕಡಿಂದ ತಂದಾರಂತಕ್ಕಾ,” ಎಂದ ಹೊಳೆಯಪ್ಪ.

ಒಳಕೋಣೆಯಲ್ಲಿ ಹಿತ್ತಾಳೆಯ ದೇವಿಯೊಬ್ಬಳಿದ್ದಳು. ಒಂದು ಕಾಲು ಮಡಚಿ, ಇನ್ನೊಂದನ್ನು ಇಳಿಬಿಟ್ಟು, ಇನ್ನೇನು ಎದ್ದು ಬರುವವಳಂತೆ ಕುಳಿತಿದ್ದಳು. ಸಾವಂತ್ರೆವ್ವ ಅಲ್ಲಿಂದ ಕದಲಲಿಲ್ಲ.

“ಯಾರೋ ಈಕಿ?”

“ಕೆಳಗ ಬರದಾರ ನೋಡು. ನನಗೆಲ್ಲಿ ಓದಾಕ ಬರತೈತಿ?”

ಇಂಗ್ಲಿಷಿನ ಕೆಳಗೆ ಮರಾಠಿ ಬರೆಯುವ ಬಾಲಬೋಧ ಲಿಪಿಯ ಅಕ್ಷರಗಳಿದ್ದವು; ಅಷ್ಟನ್ನು ಮಾತ್ರ ತಮ್ಮ ಹೇಳಬಲ್ಲವನಾಗಿದ್ದ. ಕಾವಲುಗಾರನನ್ನು ಕೇಳಿದಳು. ಆಕೆಯ ಮಾತು ತಿಳಿಯದೆ ಆತ ಮುಂದೆ ಹೋಗುವಂತೆ ಕೈಮಾಡಿದ.

“ಮತ್ತ ಬರತೇನಿ. ಆಗ ನಾನ ಓದತೇನಿ,” ಎಂದಳು. ತಮ್ಮ ನಕ್ಕುಬಿಟ್ಟ.

ಊರಿಗೆ ಬಂದವಳೇ ಬಾಲಬೋಧ ಕಲಿಸೆಂದು ಕೇಳಲು ದರ್ಜಿ ಖಾಜಾಸಾಬನ ಕಟ್ಟೆಗೆ ಹೋದಳು. ಸೊಲ್ಲಾಪುರದಲ್ಲಿ ಬಹುಕಾಲ ಇದ್ದ ಅವನಿಗೆ ಮರಾಠಿ ಬರುತ್ತಿತ್ತು. ಕನ್ನಡ ನಾಡು ಒಂದಾಗಬೇಕೆಂಬ ಮಾತು ಊರಲ್ಲೆಲ್ಲ ಕಾವೇರಿದ್ದ ಕಾಲ ಅದು.

“ಅವ್ವಾರ, ಕನ್ನಡದವರೆಲ್ಲ ಒಂದಾಗಾಕ ಹತ್ಯಾರ. ನೀವು ಬಾಲಬೋಧ ಅಂತೀರಿ. ಮೊದಲ ಕನ್ನಡ ಕಲೀರಿ.”

“ಕನ್ನಡ ಬಾಯಾಗರ ಐತಿ, ಖಾಜಾಸಾಬ. ಅದನ್ನೂ ಕಲೀತೇನಿ. ಆದರ ಆ ದೇವಿ ಹೆಸರು ಬಾಲಬೋಧದಾಗ ಐತಿ.”

ಖಾಜಾಸಾಬ ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ತುಂಡನ್ನೇ ಆಕೆಯ ಕೈಗಿತ್ತ. ಓಣಿಯವರು ನಕ್ಕರು, ಕರಿಯವ್ವ ಮುನಿದಳು. ಚಾಳೀಸಿನಲ್ಲಿ ಅಕ್ಷರಗಳು ತೇಲಿದಂತೆ ಕಂಡು ತಲೆ ಸಿಡಿಯುತ್ತಿತ್ತು. ಸಾವಂತ್ರೆವ್ವ ಹಣೆಗೆ ತಣ್ಣೀರು ಹಚ್ಚಿಕೊಂಡು ಮತ್ತೆ ತಿದ್ದುವಳು. ಒತ್ತಕ್ಷರದ ಹತ್ತಿರ ಬಂದಾಗ ಅತ್ತೇಬಿಟ್ಟಳು. ಆದರೆ ಬಿಡಲಿಲ್ಲ.

ಏಕೀಕರಣವಾದ ಮರುವರ್ಷ ಮುಂಬಯಿಯಲ್ಲಿ ಹೊಳೆಯಪ್ಪನ ಮಗಳ ಮದುವೆ ಬಂತು. ಅಕ್ಕಿಕಾಳು ಬಿದ್ದ ಮರುದಿನವೇ ಸಾವಂತ್ರೆವ್ವ ದಣಿದ ತಮ್ಮನನ್ನು ಎಬ್ಬಿಸಿ ಹೊರಡಿಸಿದಳು. ಒಳಕೋಣೆಯಲ್ಲಿ ದೇವಿ ಅಲ್ಲೇ ಇದ್ದಳು. ಸಾವಂತ್ರೆವ್ವ ಗಾಜಿನ ಮೇಲೆ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿದಳು.

“ತಾರಾ… ತಾರಾ ಅಂತ, ತಮ್ಮಾ. ತಿಬೇಟದಾಕಿ.”

ಹೊಳೆಯಪ್ಪ ಬಗ್ಗಿ ಅಕ್ಷರಗಳನ್ನು ನೋಡಿದ, ಅಕ್ಕನ ಮುಖವನ್ನೂ ನೋಡಿದ.

“ಬಾಜೂಕ ಇರೋದು ಯಾರಕ್ಕಾ?” ಎಂದು ಮೆಲ್ಲಗೆ ಕೇಳಿದ.

ಆಕೆ ಸೆರಗಿನಿಂದ ಚಾಳೀಸು ಒರೆಸಿಕೊಂಡು ಮುಂದಿನ ಪೆಟ್ಟಿಗೆಗೆ ನಡೆದಳು. ಬಾಗಿಲು ಮುಚ್ಚುವವರೆಗೂ ಅವನು ಕೇಳುತ್ತಲೇ ಇದ್ದ, ಆಕೆ ಓದುತ್ತಲೇ ಇದ್ದಳು.