ಹಳ್ಳದ ಬಳಿ ನಿಂತ ಚುಕ್ಕಿ

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಭೂತ ನಂಬುವವಳಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ "ನಿಮ್ಮ ದೆವ್ವಕ್ಕೆ ಮಾಡಲು ಬೇರೆ ಕೆಲಸವಿಲ್ಲವಾ?" ಎಂದು ಕಾಡಿಸುತ್ತಿದ್ದವಳು. ಆದರೆ ಕಳೆದ ಏಪ್ರಿಲ್‌ನಲ್ಲಿ ನನ್ನ ಕಣ್ಣೆದುರಿಗೇ ನಡೆದದ್ದನ್ನು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೆಸರುಗಳನ್ನಷ್ಟೇ ಬದಲಿಸಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನನ್ನು ಸುಮಂಗಲಾ ಎಂದುಕೊಳ್ಳಿ. ಧಾರವಾಡದ ಕಡೆಯವಳು, ಇರುವುದು ಅಮೆರಿಕದಲ್ಲಿ, ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್ ಎಂಬ ಊರಿನಲ್ಲಿ. ಆಗ ಕೆಲಸ ಮಾಡುತ್ತಿದ್ದುದು ಸಾಂಟಾ ಕ್ಲಾರಾದ ಒಂದು ಟ್ರಾವೆಲ್ ಆಫೀಸಿನಲ್ಲಿ. ಕೆಳಗೆ ಇಂಡಿಯನ್ ಗ್ರೋಸರಿ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಮಾಲೀಕ ಪ್ರಸನ್ನ, ಬೆಂಗಳೂರಿನವನು, ಮಾತಿನಲ್ಲಿ ಬೆಣ್ಣೆ.

ನಮ್ಮ ದೊಡ್ಡ ಟೂರು ಒಂದೇ. ಪ್ರತಿ ಏಪ್ರಿಲ್‌ನಲ್ಲಿ ಬೋರ್ನಿಯೊ ಕಾಡಿನೊಳಗೆ ನಾಲ್ಕು ದಿನದ ನಡಿಗೆ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಸೈನಿಕರನ್ನು ಆ ದಾರಿಯಲ್ಲೇ ಉಪವಾಸ ನಡೆಸಿಕೊಂಡು ಹೋಗಿದ್ದರು. ನಡೆಯಲಾರದೆ ಬಿದ್ದವರು ಬಿದ್ದಲ್ಲೇ ಸತ್ತರು. ಕಾಡು ಮುಗಿಯುವಲ್ಲಿ ಅವರದೊಂದು ಸ್ಮಾರಕವಿದೆ. ಐದನೆಯ ದಿನ ಬೆಳಗಿನ ಜಾವ ಅಲ್ಲಿ ಸ್ಮರಣೆಯ ಪ್ರಾರ್ಥನೆ. ನಮ್ಮ ಗ್ರಾಹಕರು ಸರಿಯಾಗಿ ಆ ಪ್ರಾರ್ಥನೆಗೆ ಹೋಗಿ ನಿಲ್ಲಬೇಕು. ಅದಕ್ಕೇ ಅವರು ನಮ್ಮಲ್ಲಿಗೆ ಬರುತ್ತಿದ್ದುದು. ಒಂದು ಗಂಟೆ ತಡವಾದರೂ ಇಡೀ ಟೂರು ಗಂಗೆ ಪಾಲು.

ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಹಾಗಾಗಿ ನನ್ನ ಶಿಫ್ಟು ಸಂಜೆ ನಾಲ್ಕರಿಂದ ನಡುರಾತ್ರಿ ಎರಡರವರೆಗೆ. ನಡೆಯುವವರು, ಹೊರೆಯಾಳುಗಳು, ಎಲ್ಲರ ಚೀಲಕ್ಕೂ ಅಂಗೈಯಗಲದ ಟ್ರ್ಯಾಕರ್ ಕಟ್ಟಿರುತ್ತಿದ್ದೆವು. ಒಬ್ಬೊಬ್ಬರದೂ ನನ್ನ ಮ್ಯಾಪಿನ ಮೇಲೆ ಒಂದೊಂದು ಚುಕ್ಕಿ, ಪಕ್ಕದಲ್ಲಿ ಹೆಸರು. ಕಷ್ಟಕ್ಕೆ ಸಿಕ್ಕವರು ಟ್ರ್ಯಾಕರಿನ ಹೆಲ್ಪ್ ಬಟನ್ ಒತ್ತಿದರೆ ನನ್ನ ಮೇಜಿನ ಮೇಲೆ ಅಲಾರಂ ಕೂಗುತ್ತದೆ. ನಾನು "ನೋಡಿದೆ" ಎಂದು ಒತ್ತಿದ ಕೂಡಲೇ ಅಲಾರಂ ನಿಲ್ಲುತ್ತದೆ, ಅಲ್ಲಿ ಅವರ ಕೈಯ ಟ್ರ್ಯಾಕರಿನಲ್ಲಿ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಯಾರೋ ನೋಡಿದ್ದಾರೆ, ಬರುತ್ತಾರೆ ಎಂಬ ಧೈರ್ಯಕ್ಕೆ.

ಈಗ, ಕಳೆದ ಏಪ್ರಿಲ್‌ಗೂ ಹಿಂದಿನ ವರ್ಷ ನಾನು ಮಾಡಿದ್ದನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಹಳ್ಳ ದಾಟುವಾಗ ಮಾರ್ಟಿನ್ ಎಂಬ ಹೊರೆಯಾಳು ಜಾರಿ ಬಿದ್ದ. ತೊಡೆಯ ಮೂಳೆ ಮುರಿಯಿತು. ಆ ಕಡೆಯವನೇ, ಇಬ್ಬರು ಮಕ್ಕಳ ತಂದೆ. ನಮ್ಮ ಗೈಡು ಲೂಯಿಸ್ ಮೆಸೇಜು ಕಳಿಸಿದ: ಹೊತ್ತುಕೊಂಡು ಬಂದರೆ ನಾಲ್ಕು ಗಂಟೆ ತಡ, ಒಬ್ಬನನ್ನು ಜೊತೆಗೆ ಬಿಟ್ಟರೆ ಹೊರೆಗೆ ಜನ ಸಾಲದು. ಏನು ಮಾಡಲಿ?

ಪ್ರಸನ್ನನಿಗೆ ಫೋನು ಮಾಡಿದೆ. ನಿದ್ದೆಗಣ್ಣಿನಲ್ಲಿ ಹೇಳಿದ, "ಸುಮಾ, ನೀನೇ ಏನಾದ್ರೂ ಮ್ಯಾನೇಜ್ ಮಾಡು. ಪ್ರಾರ್ಥನೆ ಮಾತ್ರ ಮಿಸ್ ಆಗ್ಬಾರ್ದು."

ನಾನು ಟೈಪು ಮಾಡಿದೆ: ನೀರು, ಬಿಸ್ಕತ್ತು ಇಟ್ಟು ಮುಂದೆ ನಡೆಯಿರಿ. ಹತ್ತಿರದ ಹಳ್ಳಿಯಿಂದ ಜನ ಕಳಿಸುತ್ತೇನೆ.

ಬಿದ್ದವರನ್ನು ಬಿಟ್ಟುಹೋದ ಕಥೆ ಕೇಳಿ ಅಳಲು ಹೊರಟವರು, ಬಿದ್ದವನನ್ನು ಬಿಟ್ಟು ಮುಂದೆ ಹೋದರು. ಅವರನ್ನೇನು ಅನ್ನಲಿ, ಕಳಿಸಿದವಳು ನಾನು.

ಹಳ್ಳಿಗೆ ಸುದ್ದಿ ಮುಟ್ಟಿಸಿದ್ದು ನಿಜ. ಮಳೆ ಹಿಡಿದಿದೆ, ಬೆಳಗ್ಗೆ ಹೋಗುತ್ತೇವೆ ಅಂದರು. ಅಷ್ಟರಲ್ಲಿ ಮಾರ್ಟಿನ್‌ನ ಅಲಾರಂ ಶುರುವಾಯಿತು. ಒತ್ತಿ ನಿಲ್ಲಿಸಿದೆ. ಮತ್ತೆ ಕೂಗಿತು. ಮತ್ತೆ ನಿಲ್ಲಿಸಿದೆ. ಎರಡು ಗಂಟೆಯೊಳಗೆ ಎಷ್ಟು ಸಲ ಎಂದು ಲೆಕ್ಕವಿಲ್ಲ. ಪ್ರತಿ ಸಲವೂ ಅವನ ಕೈಯಲ್ಲಿ ಹಸಿರು ದೀಪ ಹೊತ್ತಿರಬೇಕು, ಪ್ರತಿ ಸಲವೂ ಅವನು ಕಾಲುದಾರಿಯ ಕಡೆಗೆ ಕಣ್ಣು ನೆಟ್ಟಿರಬೇಕು... ಕೊನೆಗೆ ತಲೆ ಚಿಟ್ಟು ಹಿಡಿದು, ಅವನ ಹೆಸರಿನ ಅಲಾರಂ ಅನ್ನೇ ಆಫ್ ಮಾಡಿ ಮನೆಗೆ ಹೋದೆ.

ರಾತ್ರಿ ಹಳ್ಳ ಏರಿತು. ಬೆಳಗ್ಗೆ ಜನ ಹೋದಾಗ ಅವನು ಇದ್ದ ಜಾಗದಲ್ಲಿ ಇರಲಿಲ್ಲ. ಹೆಣ ಸಿಕ್ಕಿದ್ದು ಕೆಳಗೆ, ಬಂಡೆಗಳ ನಡುವೆ.

ಅಲಾರಂನ ದಾಖಲೆಯನ್ನೆಲ್ಲ ನಾನು ಅಳಿಸಿಹಾಕಿದೆ. ಯಾರಿಗೂ ಹೇಳಲಿಲ್ಲ. ಪ್ರಸನ್ನನಿಗೂ ಇಲ್ಲ, ಗಂಡನಿಗೂ ಇಲ್ಲ. ಮಾರ್ಟಿನ್‌ನ ಟ್ರ್ಯಾಕರ್ ಆಫೀಸಿಗೆ ವಾಪಸ್ಸು ಬಂತು. ಬ್ಯಾಟರಿ ತೆಗೆದು ಬೀರುವಿನಲ್ಲಿ ಹಾಕಿ ಬೀಗ ಜಡಿದೆ.

ನನಗೆ ಒಬ್ಬನೇ ತಮ್ಮ, ಗಿರೀಶ. ಅಮ್ಮ ಬೇಗ ಹೋದದ್ದರಿಂದ ನಾನೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಕೆಲಸ ಹೋಗಿ ನಮ್ಮ ಮನೆಯಲ್ಲೇ ಇದ್ದ. ಮರುವರ್ಷ ಆ ಟ್ರೆಕ್ಕಿಗೆ ಲೀಡರ್ ಆಗಿ ಪ್ರಸನ್ನ ಅವನನ್ನೇ ಆರಿಸಿದ. ಬೇಡ ಎಂದು ಎಷ್ಟು ಬಡಿದುಕೊಂಡರೂ ಗಿರೀಶ ಕೇಳಲಿಲ್ಲ. "ಯಾಕ ಬ್ಯಾಡ, ಅದನ್ನರೆ ಹೇಳು?" ಅಂದ. ಅದೊಂದನ್ನೇ ನಾನು ಹೇಳುವಂತಿರಲಿಲ್ಲ.

ನಾಲ್ಕನೆಯ ದಿನ ಬಂತು. ಇಲ್ಲಿ ರಾತ್ರಿ ಹನ್ನೆರಡೂಕಾಲು, ಅಲ್ಲಿ ಮಧ್ಯಾಹ್ನ ಮೂರೂಕಾಲು. ಕೆಳಗಿನ ಅಂಗಡಿ ಮುಚ್ಚಿ ಬಹಳ ಹೊತ್ತಾಗಿತ್ತು. ಒಂಬತ್ತು ಚುಕ್ಕಿಗಳು ಹಳ್ಳ ದಾಟಿ ಈಚೆ ಬಂದವು. ಒಂದೊಂದನ್ನೂ ಎಣಿಸಿ ಉಸಿರು ಬಿಟ್ಟೆ. ಸದ್ಯ, ದಾಟಿದರು!

ಆಗ ವಾಸನೆ ಬಂತು.

ಆ ಆಫೀಸಿನಲ್ಲಿ ಸದಾ ಇಂಗು, ಮೆಂತ್ಯದ ವಾಸನೆ ಇರುತ್ತದೆ. ಇದು ಅದಲ್ಲ. ಕೊಳೆತ ಎಲೆ, ಕೆಸರು, ಅದರ ಒಳಗೆ ಇನ್ನೇನೋ ಸಿಹಿ ಸಿಹಿ... ಮೂಗಿಗೆ ಸೆರಗು ಹಿಡಿಯೋಣವೆಂದರೆ ಹಾಕಿದ್ದು ಜೀನ್ಸು. ಕಿಟಕಿಗೆ ಹೋದೆ. ಹೊರಗೆ ಎಲ್ ಕಮಿನೋ ರಸ್ತೆ ಒಣಗಿಕೊಂಡು ಬಿದ್ದಿತ್ತು. ಆದರೆ ತಲೆಯ ಮೇಲೆ, ಛಾವಣಿಯ ಮೇಲೆ, ಜೋರು ಮಳೆ ಬೀಳುವ ಸದ್ದು.

ಮೇಜಿಗೆ ವಾಪಸ್ಸು ಬಂದು ನೋಡಿದರೆ ಮ್ಯಾಪಿನಲ್ಲಿ ಹತ್ತು ಚುಕ್ಕಿ. ಹತ್ತನೆಯದು ಹಳ್ಳದ ಬಳಿ ನಿಂತಿತ್ತು. ಪಕ್ಕದಲ್ಲಿ ಹೆಸರು: ಮಾರ್ಟಿನ್.

ಯಾವುದೋ ಹಳೆಯ ಡೇಟಾ ಇರಬೇಕು ಅಂದುಕೊಂಡೆ. ಬೀರುವಿನ ಬೀಗ ತೆಗೆದೆ. ಟ್ರ್ಯಾಕರ್ ಇಟ್ಟಲ್ಲೇ ಇತ್ತು. ಬ್ಯಾಟರಿಯ ಜಾಗ ಖಾಲಿ. ಎತ್ತಿಕೊಂಡೆ... ಅದರ ಸಂದಿಯಿಂದ ಕೆಸರು ನೀರು ನನ್ನ ಮುಂಗೈಗೆ ಇಳಿಯಿತು. ಎತ್ತಿ ನೆಲಕ್ಕೆ ಎಸೆದೆ.

ತಿರುಗಿ ನೋಡುವಷ್ಟರಲ್ಲಿ ಗಿರೀಶನ ಚುಕ್ಕಿ ಗುಂಪು ಬಿಟ್ಟು ಹಿಂದಕ್ಕೆ ಹೊರಟಿತ್ತು. ಹಳ್ಳದ ಕಡೆಗೆ.

ಅವನ ಸ್ಯಾಟಲೈಟ್ ಫೋನಿಗೆ ಕರೆ ಮಾಡಿದೆ. ಎತ್ತಿದ. ಪಿಸುದನಿ.

"ಅಕ್ಕಾ, ಇಲ್ಲೊಬ್ಬಾಂವ ಬಿದ್ದಾನ. ಕಾಲು ಮುರದದ."

"ಗಿರಿ, ಅವನ ಹತ್ರ ಹೋಗಬ್ಯಾಡ. ಹೊಳ್ಳಿ ಬಾ. ಓಡಿ ಬಾ!"

"ಏನ ಮಾತಾಡ್ತೀ ಅಕ್ಕಾ? ಮನಷ್ಯಾನ್ನ ಹಿಂಗ ಬಿಟ್ಟ ಹೆಂಗ ಬರ್ಲಿ? ಕೈ ಚಾಚ್ಯಾನ..."

"ಅಂವ ಮನಷ್ಯಾ ಅಲ್ಲೋ! ನನ್ನ ಮಾತ ಕೇಳು, ಮುಟ್ಟಬ್ಯಾಡ!"

ಆ ಕಡೆ ನೀರಿನ ಸದ್ದು. ಆಮೇಲೆ ಗಿರೀಶನದಲ್ಲದ ಒಂದು ಉಸಿರು, ಫೋನಿಗೆ ತೀರಾ ಹತ್ತಿರದಲ್ಲಿ. ಲೈನು ಕಡಿಯಿತು.

ಎರಡು ಚುಕ್ಕಿಗಳು ಒಂದರ ಮೇಲೊಂದು ಕೂತವು. ಗಿರೀಶನ ಹೆಸರು ಕಾಣದಾಯಿತು. ಮಾರ್ಟಿನ್‌ನದು ಮಾತ್ರ ಉಳಿಯಿತು.

ಅಲಾರಂ ಕೂಗಿತು. ಗಿರೀಶನ ಟ್ರ್ಯಾಕರಿನಿಂದ. ಒತ್ತಿದೆ. ಮತ್ತೆ ಕೂಗಿತು. "ಬಂದೆ ಗಿರಿ, ಬಂದೆ" ಎಂದು ಖಾಲಿ ಕೋಣೆಯಲ್ಲಿ ಕಿರುಚುತ್ತ ಒತ್ತಿದೆ. ಹದಿನಾಲ್ಕು ಗಂಟೆ ವಿಮಾನದಲ್ಲಿ ಹಾರಿದರೂ ಮುಟ್ಟದ ಜಾಗ, ನಾನೆಲ್ಲಿಂದ ಬರಲಿ? ನಾನು ಒತ್ತುವ ಬಟನ್‌ನಿಂದ ಅಲ್ಲಿ ಬಿದ್ದವರಿಗೆ ಏನೂ ಉಪಯೋಗವಿಲ್ಲ ಎಂದು, ನನ್ನ ತಮ್ಮನೇ ಅಲ್ಲಿ ಸಿಕ್ಕಿಕೊಂಡ ಮೇಲೆಯೇ ನನಗೆ ತಿಳಿದದ್ದು.

ಅಷ್ಟರಲ್ಲಿ ಲೂಯಿಸ್‌ನ ಮೆಸೇಜು: ಗಿರೀಶ ಕಾಣುತ್ತಿಲ್ಲ. ಬೆಳಕು ಇನ್ನು ಎರಡು ಗಂಟೆ ಮಾತ್ರ. ನಾಳೆ ಪ್ರಾರ್ಥನೆ. ಮುಂದೆ ನಡೆಯಲಾ?

ಪ್ರಸನ್ನನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅವನು ಹೇಳಿದ, "ಗಿರೀಶ ಹುಷಾರು ಹುಡುಗ ಸುಮಾ, ಹಿಂದೆಯಿಂದ ಬರ್ತಾನೆ. ಗ್ರೂಪ್ ಮೂವ್ ಆಗ್ಲಿ. ಪ್ರಾರ್ಥನೆ ಮಾತ್ರ..."

"ನಿನ್ನ ಪ್ರಾರ್ಥನೆ ಸುಡಗಾಡಿಗೆ ಹೋಗ್ಲಿ!" ಅಂದೆ. ಧಾರವಾಡದ ಇನ್ನೂ ಕೆಲವು ಮಾತು ಅಂದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಲೂಯಿಸ್‌ಗೆ ಟೈಪು ಮಾಡಿದೆ: ಎಲ್ಲರೂ ವಾಪಸ್ಸು ಹೋಗಿ. ಅವನು ಸಿಗುವವರೆಗೆ ಯಾರೂ ಮುಂದೆ ಹೆಜ್ಜೆ ಇಡಕೂಡದು.

ಒಂದು ಗಂಟೆ ಇಪ್ಪತ್ತು ನಿಮಿಷ. ಛಾವಣಿಯ ಮೇಲೆ ಮಳೆ ನಿಲ್ಲಲಿಲ್ಲ. ನೆಲದ ಮೇಲೆ ಬಿದ್ದಿದ್ದ ಆ ಟ್ರ್ಯಾಕರಿನ ಕಡೆಗೆ ನೋಡುವ ಧೈರ್ಯವಾಗಲಿಲ್ಲ. ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆಮೇಲೆ ಅವನನ್ನೂ ಕರೆದೆ, "ಮಾರ್ಟಿನ್, ತಪ್ಪು ನಂದು, ಅವನ್ನ ಬಿಡು" ಎಂದು. ಕನ್ನಡದಲ್ಲೇ. ನನಗೆ ಅವನ ಭಾಷೆ ಎಲ್ಲಿ ಬರಬೇಕು?

ಒಂದೂ ಮುಕ್ಕಾಲಿಗೆ ಮಳೆಯ ಸದ್ದು ಗಕ್ಕನೆ ನಿಂತಿತು. ಹತ್ತನೆಯ ಚುಕ್ಕಿ ಇರಲಿಲ್ಲ. ಲೂಯಿಸ್ ಬರೆದಿದ್ದ: ಸಿಕ್ಕ. ಜೀವ ಇದೆ.

ಸೊಂಟದವರೆಗೆ ಹಳ್ಳದ ನೀರಿನಲ್ಲಿ ಕೂತಿದ್ದನಂತೆ. ಮೈ ಕೆಂಡದಂತೆ ಸುಡುತ್ತಿತ್ತಂತೆ. ಎತ್ತಿ ನಿಲ್ಲಿಸಲು ನಾಲ್ಕು ಜನ ಬೇಕಾಯಿತು, ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗಿತ್ತು ಎಂದು ಲೂಯಿಸ್ ಆಮೇಲೆ ಹೇಳಿದ. ಎಲ್ಲರಿಗೂ ಪ್ರಾರ್ಥನೆ ತಪ್ಪಿತು. ನನ್ನ ಕೆಲಸವೂ ಹೋಯಿತು, ಹೋಗಲಿ.

ಗಿರೀಶ ಮನೆಗೆ ಬಂದ. ಮೂರು ವಾರ ಬಾಯಿ ಬಿಡಲಿಲ್ಲ. ಒಂದು ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ಆವತ್ತ ನಾ ಯಾಕ ಹೊಳ್ಳಿ ಹೋದೆ ಅಂತ ನೀ ಕೇಳಲೇ ಇಲ್ಲ."

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದೆ.

"ಹಿಂದಿನಿಂದ ನೀನ ಕರದಿ. 'ಗಿರಿ, ಇಲ್ಲಿ ಬಾರೋ' ಅಂತ. ಖಾಸ ನಿನ್ನ ದನಿ. ಅಲ್ಲಿ ಹೋಗಿ ನೋಡಿದ್ರ ಅಂವ ಬಿದ್ದಿದ್ದ. ಬಾಯಿ ಅವಂದು, ದನಿ ನಿಂದು. ಎಲ್ಲಾ ಹೇಳಿದ ಅಕ್ಕಾ. ಹಸಿರು ದೀಪದ್ದು, ನೀ ಅಲಾರಂ ಆಫ್ ಮಾಡಿ ಮನಿಗೆ ಹೋಗಿದ್ದು... ಎಲ್ಲಾ."

ಈ ಭೂಮಿಯ ಮೇಲೆ ನನ್ನೊಬ್ಬಳಿಗೇ ಗೊತ್ತಿದ್ದ ವಿಷಯ ಅದು. ಸುಳ್ಳು ಹೇಳಬಹುದಿತ್ತು. ಅವನ ಮುಖ ನೋಡಿ ಹೇಳಲಾಗಲಿಲ್ಲ.

"ನೀರು ಸೊಂಟದ ಮಟಾ ಬಂದಿತ್ತು," ಅಂದ ಗಿರೀಶ. "ಕಾಲು ಬಿಡವಲ್ಲ. ಅಂವ ಒಂದ ಮಾತು ಕೇಳಿದ. 'ನಿನ್ನ ಬಿಟ್ಟರ ಅಕಿನ್ನ ಕಳಸ್ತೀ?' ಅಂತ."

ಊರ ಸುತ್ತಲಿನ ಬೆಳ್ಳುಳ್ಳಿ ಹೊಲಗಳ ವಾಸನೆ. ಪಕ್ಕದ ಮನೆಯವರ ಟಿವಿ. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು.

"ನೀ ಏನಂದಿ?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. ನಾಲ್ಕು ವರ್ಷದವನಿದ್ದಾಗ ಒಮ್ಮೆ ಕನ್ನಡಿ ಒಡೆದು ಹೇಗೆ ನಿಂತಿದ್ದನೋ, ಹಾಗೇ ನೆಲ ನೋಡುತ್ತ ನಿಂತಿದ್ದ.

"ಹೂಂ ಅಂದೆ ಅಕ್ಕಾ."

ಇದಾಗಿ ವರ್ಷವಾಗುತ್ತ ಬಂತು. ಮತ್ತೆ ಏಪ್ರಿಲ್ ಹತ್ತಿರವಾಗುತ್ತಿದೆ. ಗಿರೀಶ ಬೇರೆ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ಫೋನು ಎತ್ತುವುದಿಲ್ಲ. ಕಳೆದ ವಾರದಿಂದ ಅವನಿಗೆ ಮತ್ತೆ ಜ್ವರ, ಸೊಂಟದಿಂದ ಕೆಳಗೆ ಕಾಲುಗಳು ತಣ್ಣಗಾಗುತ್ತಿವೆ, ಡಾಕ್ಟರಿಗೆ ಏನೂ ಸಿಗುತ್ತಿಲ್ಲ ಎಂದು ಅವನ ರೂಮ್‌ಮೇಟ್ ಹೇಳಿದ. ನಾನು ಹೋಗದಿದ್ದರೆ ಆ ಹಳ್ಳ ಅವನನ್ನೇ ವಾಪಸ್ಸು ಕೇಳುತ್ತದೆ. ಬೋರ್ನಿಯೊಗೆ ಹೋಗುವ ವಿಮಾನದ ಟಿಕೆಟ್ಟನ್ನು ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇನೆ, ಮುಚ್ಚುತ್ತೇನೆ, ಮತ್ತೆ ನೋಡುತ್ತೇನೆ. ಹೂಂ ಅಂದದ್ದಕ್ಕೆ ನನ್ನ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಆ ನೀರಿನಲ್ಲಿ ನಾನಿದ್ದಿದ್ದರೆ, ಮಾರ್ಟಿನ್ ಕೇಳುವ ಮೊದಲೇ ಗಿರೀಶನ ಹೆಸರು ಹೇಳಿ ಎದ್ದು ಬರುತ್ತಿದ್ದೆ.