ಜೀವಕೋಶಗಳಿಗೆ ಉಣಿಸುವ ಊಟದಕ್ಕ

ಬೆಳಗಿನ ಐದೂಮುಕ್ಕಾಲು. ಊಟದಕ್ಕ ಕೈಗವಸು ತೊಟ್ಟು, ಅದರ ಮೇಲೆ ಸ್ಪಿರಿಟ್ ಸವರಿಕೊಂಡು, ಜೀವಕೋಶಗಳನ್ನು ಬೆಚ್ಚಗಿಡುವ ಕಪಾಟಿನ ಮುಂದೆ ನಿಂತಿದ್ದಾರೆ. ದಿನವೂ ಬಂದ ಕೂಡಲೇ ತೆರೆಯುವ ಬಾಗಿಲನ್ನು ತೆರೆಯಲು ಇವತ್ತು ಕೈಯೇ ಬರುತ್ತಿಲ್ಲ. ಒಳಗಿರುವುದು ಆರೋಗ್ಯವಂತ ಕೋಶಗಳ ಕೊನೆಯ ಸೀಸೆ. ಅದರ ಕೆಂಪು ದ್ರವ ಹಳದಿಯಾಗಿದ್ದರೆ, ಪಕ್ಕದಲ್ಲಿ ಉಗುರು ಕಚ್ಚುತ್ತಿರುವ ಸಂಶೋಧಕಿಯ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗಾಜು ತೊಳೆಯಲು ಈ ಕ್ಯಾನ್ಸರ್ ಪ್ರಯೋಗಾಲಯಕ್ಕೆ ಸೇರಿದವರು, ಹದಿನೇಳು ವರ್ಷದಿಂದ ಕೋಶಗಳಿಗೆ ಆಹಾರ ಹಾಕುತ್ತಿದ್ದಾರೆ. ದಿನಕ್ಕೆ ನೂರಿಪ್ಪತ್ತು ಸೀಸೆ, ಭಾನುವಾರವೂ ಬಿಡುವಿಲ್ಲ. ಆಹಾರದ ದ್ರವವನ್ನು ಮೈಬಿಸಿಯಷ್ಟು ಬೆಚ್ಚಗೆ ಮಾಡಿಯೇ ಬಡಿಸಬೇಕು. "ನಮಗೆ ನಿನ್ನೆ ಸಾರು, ಅಲ್ಲಿ ಕಣ್ಣಿಗೇ ಕಾಣದೋರಿಗೆ ಬಿಸಿ ಊಟ!" ಎಂದು ಮನೆಯಲ್ಲಿ ಅತ್ತೆಯ ತಕರಾರು. ಇಲ್ಲಿಂದ ಹೊರಟ ಪ್ರಬಂಧಗಳಲ್ಲಿ ಊಟದಕ್ಕನ ಹೆಸರು ಇಲ್ಲಿನ ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ಸಿಗದು. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಅವರಿಗೆ ಅನ್ನಿಸುವುದಿಲ್ಲ.

"ಒಳ್ಳೆ ಕೋಶ, ಕ್ಯಾನ್ಸರ್ ಕೋಶ, ಎರಡೂ ಉಣ್ಣೋ ರೀತಿನೇ ಬೇರೆ," ಎನ್ನುತ್ತಾರೆ. "ಒಳ್ಳೆ ಕೋಶಕ್ಕೆ ಸಂಕೋಚ ಜಾಸ್ತಿ. ಸಣ್ಣ ಸಣ್ಣ ಚೂರು ಬೇಕಾದಷ್ಟೇ ತಗೊಳತ್ತೆ. ಕ್ಯಾನ್ಸರ್ದು ಹಾಗಲ್ಲ. ಮೈಯನ್ನೇ ಬಾಯಿ ಮಾಡ್ಕೊಂಡು ಇಡೀ ಪ್ರೋಟೀನ್‌ನ ನೀರಿನ ಸಮೇತ ಗುಳುಂ ಮಾಡತ್ತೆ."

ಸಂಶೋಧಕಿ ಅಳೆಯುತ್ತಿರುವುದು ಇದನ್ನೇ. ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನ್ ಕೆಲವು ಬಗೆಯ ಕ್ಯಾನ್ಸರ್ ಕೋಶಗಳೊಳಗೆ ಚುಕ್ಕಿ ಚುಕ್ಕಿಯಾಗಿ ತುಂಬಿಕೊಳ್ಳುತ್ತದೆ. ಆರೋಗ್ಯವಂತ ಕೋಶಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಈ ಹೊಟ್ಟೆಬಾಕತನದ ದಾರಿಯಲ್ಲೇ ಮದ್ದನ್ನು ಒಳಗೆ ಕಳಿಸಬಹುದೇ ಎಂಬುದು ಅವರ ಪ್ರಶ್ನೆ.

ಬಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಆರೋಗ್ಯವಂತ ಕೋಶ, ಆಮೇಲೆ ಕ್ಯಾನ್ಸರ್ ಕೋಶ. ಆಹಾರದ ಬಾಟಲಿಯೂ ಬೇರೆ ಬೇರೆ. ಎರಡು ತಿಂಗಳ ಹಿಂದೆ, ಅತ್ತೆ ಜ್ವರದಲ್ಲಿ ಮಲಗಿದ್ದ ಒಂದು ಬೆಳಗ್ಗೆ, ಅವಸರದಲ್ಲಿ ಕ್ರಮ ತಿರುವುಮುರುವಾಯಿತು. ಕ್ಯಾನ್ಸರ್ ಕೋಶಗಳಿಗೆ ಹಾಕಿದ ಬಾಟಲಿಯಿಂದಲೇ ಆರೋಗ್ಯವಂತ ಕೋಶಗಳಿಗೂ ಹಾಕಿದರು. ಒಂದು ಹನಿ ಬೆರೆತರೆ ಸಾಕು. ಕೆಲವು ವಾರಗಳಲ್ಲಿ ಒಳ್ಳೆಯ ಕೋಶಗಳ ಸೀಸೆಗಳು ಹಳದಿಗೆ ತಿರುಗತೊಡಗಿದವು. ಗಬಗಬ ತಿಂದು ಬೆಳೆಯುವವು ನುಸುಳಿದಾಗ ದ್ರವ ಬೇಗ ಹುಳಿಯಾಗಿ ಬಣ್ಣ ಬದಲಾಗುತ್ತದೆ.

ಅದನ್ನು ಮೊದಲು ಕಂಡವರು ಊಟದಕ್ಕನೇ. ಸುಮ್ಮನಿದ್ದಿದ್ದರೆ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಎರಡು ದಿನ ಗಂಟಲಲ್ಲಿ ಅನ್ನ ಇಳೀಲಿಲ್ಲ," ಎನ್ನುತ್ತಾರೆ. "ಒಳ್ಳೆ ಕೋಶನೂ ಹಾಗೇ ನುಂಗತ್ತೆ ಅಂತ ಮೇಡಂ ಬರೆದುಬಿಡ್ತಿದ್ರು. ನಾಳೆ ಅದನ್ನ ನಂಬಿ ಮದ್ದು ಮಾಡಿದ್ರೆ? ಹೋಗಿ ಹೇಳ್ಬಿಟ್ಟೆ."

ಕೆಟ್ಟವನ್ನೆಲ್ಲ ಎಸೆದಾಯಿತು. ಉಳಿದದ್ದು ಹಿಮಗಟ್ಟಿಸಿಟ್ಟಿದ್ದ ಒಂದೇ ಒಂದು ಸೀಸೆ. ಅದನ್ನು ಶೀತಕ್ಕೆ ಇಟ್ಟದ್ದೂ ಕ್ರಮ ತಪ್ಪಿದ ಆ ವಾರವೇ. ತಪ್ಪಿಗೆ ಮೊದಲೋ, ಆಮೇಲೋ? ಯಾರಿಗೂ ನೆನಪಿಲ್ಲ. ಕರಗಿಸಿ, ಒಂದು ತಿಂಗಳು ಬೆಳೆಸಿ, ನಿನ್ನೆ ಬೆಳಗ್ಗೆ ಹೊಸ ಆಹಾರ ಹಾಕಿದ್ದಾರೆ. ಕ್ಯಾನ್ಸರ್ ಕೋಶ ಬೆರೆತಿದ್ದರೆ ಒಂದೇ ದಿನದಲ್ಲಿ ದ್ರವ ಹಳದಿಯಾಗಬೇಕು; ಇವತ್ತು ತೀರ್ಪು.

ಕಪಾಟಿನ ಬಾಗಿಲು ತೆರೆಯುತ್ತದೆ. ಊಟದಕ್ಕ ಸೀಸೆಯನ್ನು ದೀಪಕ್ಕೆ ಹಿಡಿಯುತ್ತಾರೆ.

ಕೆಂಪು.

ಸಂಶೋಧಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಮೂಲೆ ಮೂಲೆ ಹುಡುಕಿದರೂ ನುಸುಳಿದವರ ಸುಳಿವಿಲ್ಲ. ತಲೆ ಎತ್ತುವಾಗ ಅವರ ಕಣ್ಣು ತುಂಬಿದೆ. ದಿನಚರಿಯ ಪುಸ್ತಕ ಎಳೆದುಕೊಂಡು, ಊಟದಕ್ಕ ತಪ್ಪೊಪ್ಪಿಕೊಂಡ ದಿನದ ಪುಟ ತೆಗೆಯುತ್ತಾರೆ. "ಕ್ರಮ ತಪ್ಪಿಸಿದ್ದು ನಾನು" ಎಂದು ಅಲ್ಲಿ ಅವರ ಗುಂಡು ಅಕ್ಷರ.

"ಇದನ್ನ ಹರಿದುಬಿಡ್ಲಾ ಅಕ್ಕ? ಇನ್ಯಾಕೆ?"

ಊಟದಕ್ಕ ಪುಟದ ಮೇಲೆ ಅಂಗೈ ಇಡುತ್ತಾರೆ.

"ಬೇಡ ಮೇಡಂ. ಅವತ್ತಿನ ಹಳದಿ ಪುಸ್ತಕದಲ್ಲಿ ಇದ್ರೇನೇ ಇವತ್ತಿನ ಕೆಂಪನ್ನ ಜನ ನಂಬೋದು."