ಇನ್ನೂರು ಮೀಟರಿನ ಆಚೆ

ನಮ್ಮ ನಗರದ ಬಂದೂಕು ಪರವಾನಗಿ ಶಾಖೆಯ ಇತಿಹಾಸವನ್ನು ಯಾರಾದರೂ ಬರೆಯಹೊರಟರೆ ಎರಡೇ ಅಧ್ಯಾಯಗಳಲ್ಲಿ ಮುಗಿಸಬಹುದು: ಸಾಹೇಬರು ಬರುವುದಕ್ಕೆ ಮುಂಚೆ, ಸಾಹೇಬರು ಬಂದ ಮೇಲೆ. ಮೂವತ್ತಮೂರು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳ ಕೊನೆಗೆ ಸೂಪರಿಂಟೆಂಡೆಂಟ್ ಹುದ್ದೆಯಿಂದ ನಿವೃತ್ತರಾಗುತ್ತಿರುವ, ಕಚೇರಿಯವರೂ ಅರ್ಜಿದಾರರೂ ಅಕ್ಕರೆಯಿಂದ 'ಓದೋ ಸಾಹೇಬ್ರು' ಎಂದೇ ಕರೆಯುವ ಈ ಹಿರಿಯರನ್ನು ಕುರಿತು ಬರೆಯಲು ಕುಳಿತರೆ ಲೇಖನಿ ಹಿಡಿದರೂ ನಿಲ್ಲುವುದಿಲ್ಲ. ಸಾವಿರಾರು ಬಂದೂಕುಗಳ ಕಡತಗಳನ್ನು ವಿಲೇವಾರಿ ಮಾಡಿದ ಈ ಮಹನೀಯರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಗುಂಡನ್ನೂ ಹಾರಿಸಿದವರಲ್ಲ ಎಂದರೆ ಓದುಗರು ನಂಬಬೇಕು!

ಅವರು ಕಿರಿಯ ಗುಮಾಸ್ತರಾಗಿ ಬಂದಾಗ ಶಾಖೆಯು ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿತ್ತು. ಎರಡು ಕಿಟಕಿ, ಅದರಲ್ಲೊಂದು ತೆರೆಯುತ್ತಿರಲಿಲ್ಲ. ನಿಯಮಗಳ ಪುಸ್ತಕ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಗುಮಾಸ್ತರೆಲ್ಲ ನೆನಪಿನಿಂದಲೇ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟು ಅರ್ಜಿದಾರರನ್ನು ಮೇಜಿನಿಂದ ಮೇಜಿಗೆ ಅಲೆಸುತ್ತಿದ್ದರು. ಸಾಹೇಬರು ಬಂದ ವಾರವೇ ಪುಸ್ತಕವನ್ನು ಇಳಿಸಿ, ಒರೆಸಿ, ಯಾರು ಏನು ಕೇಳಿದರೂ ಸಂಬಂಧಪಟ್ಟ ನಿಯಮವನ್ನು ತೆಗೆದು ಗಟ್ಟಿಯಾಗಿ ಓದಿ, ಆಮೇಲೆ ಆಡುಮಾತಿನಲ್ಲಿ ಬಿಡಿಸಿ ಹೇಳುವ ಪದ್ಧತಿಯನ್ನು ಆರಂಭಿಸಿದರು. ಮೊದಮೊದಲು ಸಹೋದ್ಯೋಗಿಗಳು ಮೂಗು ಮುರಿದರು. ತಿಂಗಳೊಪ್ಪತ್ತಿನಲ್ಲಿ ಕ್ಯೂ ಅರ್ಧಕ್ಕಿಳಿದಾಗ ಅವರೇ ಬಂದು ಪುಸ್ತಕ ಕೇಳತೊಡಗಿದರು.

ಒಮ್ಮೆ ಮಹಡಿ ಮನೆಯ ಯಜಮಾನರೊಬ್ಬರು, ತಾರಸಿಯಲ್ಲಿ ಪಾರಿವಾಳ ಓಡಿಸಲು ಗುಂಡು ಹಾರಿಸಿ ನೋಟಿಸು ಪಡೆದು, ಕೆಂಡದಂತೆ ಬಂದು ನಿಂತರು.

"ಲೈಸೆನ್ಸ್ ನಂದು, ಬಂದೂಕು ನಂದು, ತಾರಸೀನೂ ನಂದೇ. ನಿಮ್ದೇನ್ರೀ ತಕರಾರು?"

ಸಾಹೇಬರು ಓದಿ ಮುಗಿಸಿ, ಕನ್ನಡಕ ಇಳಿಸಿ ಹೇಳಿದರು: "ಇಟ್ಕೊಳ್ಳೋ ಪರವಾನಗಿ ಬೇರೆ, ಊರೊಳಗೆ ಹಾರಿಸೋ ಅನುಮತಿ ಬೇರೆ ಸ್ವಾಮಿ. ಗಾಡಿ ಓಡ್ಸೋ ಲೈಸೆನ್ಸ್ ಇದೆ ಅಂತ ಪಕ್ಕದ್ಮನೆ ಹಾಲ್‌ನಲ್ಲಿ ಓಡಿಸ್ತೀರಾ?"

ಯಜಮಾನರು ನಕ್ಕುಬಿಟ್ಟರು. ದಂಡವನ್ನೂ ಕಟ್ಟಿ ಹೋದರು. ಇನ್ನೊಮ್ಮೆ ಗಂಡ ತೀರಿಕೊಂಡು ಎಂಟು ತಿಂಗಳಾದ ವೃದ್ಧೆಯೊಬ್ಬರು, ಗೋಡೆಯ ಮೇಲೆ ಹಾಗೇ ತೂಗುತ್ತಿರುವ ಬಂದೂಕಿಗಾಗಿ ತಮ್ಮನ್ನು ಜೈಲಿಗೆ ಹಾಕುತ್ತಾರೇನೋ ಎಂದು ನಡುಗುತ್ತ ಬಂದಾಗ, ಪರವಾನಗಿ ಗಂಡನ ಜೊತೆಗೇ ಮುಗಿಯಿತೆಂದೂ ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂದೂ ಓದಿ ಹೇಳಿದ್ದಲ್ಲದೆ, ಅಂದು ಊಟ ಬಿಟ್ಟು ಅವರ ಜೊತೆ ತಾವೇ ಠಾಣೆಗೆ ನಡೆದು ರಶೀದಿ ಕೊಡಿಸಿದರು. ಆ ತಾಯಿ ಬದುಕಿರುವವರೆಗೂ ಅವರನ್ನು 'ನನ್ನ ತಮ್ಮ' ಎನ್ನುತ್ತಿದ್ದರು.

ಆದರೆ ನಮ್ಮ ಶಾಖೆಯಲ್ಲಿ ಇಂದಿಗೂ ಮೈ ಜುಮ್ಮೆನ್ನುವಂತೆ ಹೇಳಿಕೊಳ್ಳುವ ಕಥೆ ಹದಿನಾಲ್ಕು ವರ್ಷಗಳ ಹಿಂದಿನ ಒಂದು ಶನಿವಾರದ್ದು. ಅಂದು ಕಚೇರಿಯ ಬಾಗಿಲು ತೆರೆಯುತ್ತಲೇ ಡ್ರಿಲ್ ಮಾಸ್ತರರೊಬ್ಬರು ಓಟದ ಉಡುಪಿನಲ್ಲಿದ್ದ ಹುಡುಗಿಯನ್ನು ಕರೆದುಕೊಂಡು ಏದುಸಿರು ಬಿಡುತ್ತ ಬಂದರು. ನಗರದ ಕ್ರೀಡಾಕೂಟ ಅಂದೇ. ಓಟಕ್ಕೆ ಸನ್ನೆಯಾಗಿ ಹುಸಿಗುಂಡು ಹಾರಿಸಲು ಅವರು ಕೇಳಿದ್ದ ಅನುಮತಿಯನ್ನು ಶಾಖೆ ಹಿಂದಿನ ದಿನ ತಿರಸ್ಕರಿಸಿತ್ತು. ಆಸ್ಪತ್ರೆಯಿಂದ ಇನ್ನೂರು ಮೀಟರಿನೊಳಗೆ ಯಾವ ಗುಂಡೂ ಹಾರಕೂಡದು. ಮೈದಾನದ ಪಕ್ಕದಲ್ಲೇ ಹೆರಿಗೆ ಆಸ್ಪತ್ರೆ.

"ಸೀಟಿ ಊದಿ ಓಡ್ಸಿದ್ರೆ ರಾಜ್ಯ ತಂಡದ ಆಯ್ಕೆ ಸಮಿತಿಯವ್ರು ಟೈಮ್ ಒಪ್ಪಲ್ಲ ಸರ್. ಮುಂದಿನ ತಿಂಗ್ಳು ಇವಳ ವಯಸ್ಸು ಮೀರುತ್ತೆ. ಇದೇ ಕೊನೇ ಓಟ," ಎಂದರು ಮಾಸ್ತರರು. ಹುಡುಗಿ ಬೂಟಿನ ದಾರವನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಸಾಹೇಬರಿಗೆ ಸಂಕಟವಾಯಿತು, ಆದರೆ ನಿಯಮ ನಿಯಮವೇ. ಎಂದಿನಂತೆ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದರು: "ಗುಂಡು ಹಾರಿಸುವ ಸ್ಥಳದಿಂದ ಆಸ್ಪತ್ರೆಯ ಗೋಡೆಗೆ..." ಓದುತ್ತಿದ್ದ ಬಾಯಿ ಅಲ್ಲೇ ನಿಂತಿತು. ಅರ್ಜಿಯಲ್ಲಿ ಸ್ಥಳ 'ಮೈದಾನ' ಎಂದಷ್ಟೇ ಇತ್ತು. ಶಾಖೆ ನಕ್ಷೆಯಲ್ಲಿ ಮೈದಾನದ ಗೇಟಿನಿಂದ ಅಳೆದು ನೂರನಲವತ್ತು ಮೀಟರೆಂದು ಬರೆದು ಮುಗಿಸಿತ್ತು. ಗುಂಡು ಹಾರಿಸುವುದು ಗೇಟಿನಲ್ಲಿ ನಿಂತಲ್ಲವಲ್ಲ! ಆ ಷರಾದ ಕೆಳಗಿನ ಸಹಿ ತಮ್ಮದೇ.

ಕಡತ ತೆಗೆದು 'ಅಳತೆಯಲ್ಲಿ ತಪ್ಪಾಗಿದೆ, ಹೊಣೆ ನನ್ನದು' ಎಂದು ಬರೆದು, ಮೇಲಧಿಕಾರಿಗಳ ಕೋಣೆಗೆ ಓಡಿದರು.

"ಹೀಗೆ ಬರೆದ್ರೆ ನಿಮ್ಮ ಸರ್ವಿಸ್ ರೆಜಿಸ್ಟರ್‌ಗೆ ಹೋಗುತ್ತೆ, ಗೊತ್ತೇನ್ರೀ?"

"ಹೋಗ್ಲಿ ಸರ್, ಮೊದ್ಲು ನಾವು ಮೈದಾನಕ್ಕೆ ಹೋಗೋಣ. ಹನ್ನೊಂದೂವರೆಗೆ ಓಟ!"

ಅಧಿಕಾರಿ ಜೀಪು ತೆಗೆಸಿದರು. ಐವತ್ತು ಮೀಟರಿನ ಟೇಪಿನ ಒಂದು ತುದಿಯನ್ನು ಶಾಖೆಗೆ ಹೊಸದಾಗಿ ಸೇರಿದ್ದ ಸಹಾಯಕಿ ಆಸ್ಪತ್ರೆಯ ಗೋಡೆಗೆ ಒತ್ತಿ ಹಿಡಿದರು, ಇನ್ನೊಂದು ತುದಿಯನ್ನು ಹಿಡಿದು ಸಾಹೇಬರು ನಡೆದರು; ಐವತ್ತೈವತ್ತಕ್ಕೆ ಗುರುತು ಹಾಕಿ ಇಬ್ಬರೂ ಟೇಪನ್ನು ಮುಂದಕ್ಕೆ ಸಾಗಿಸಿದರು. ಓಟ ಆರಂಭವಾಗುವ ಗೆರೆಗೆ ನೂರಾ ಅರವತ್ತೆರಡು. ಮಾಸ್ತರರ ಮುಖ ಇಷ್ಟಗಲವಾಗಿದ್ದುದು ಬಾಡಿತು. ಸಾಹೇಬರು ಮಾತ್ರ ನಿಲ್ಲಲಿಲ್ಲ. ಟೇಪು ಎಳೆಯುತ್ತ ಓಟ ಮುಗಿಯುವ ಗೆರೆಗೇ ಹೋದರು. ಇನ್ನೂರಾ ಅರವತ್ತೆರಡು!

"ಮಾಸ್ತರೇ, ಈ ಕಡೆಯಿಂದ ಆ ಕಡೆಗೆ ಓಡ್ಸಿ!"

"ಬಿಸಿಲು ಕಣ್ಣಿಗೆ ಹೊಡೆಯುತ್ತಲ್ಲ ಸರ್?"

ಮೊದಲ ಬಾರಿಗೆ ಹುಡುಗಿ ಬಾಯಿಬಿಟ್ಟಳು: "ಹೊಡೀಲಿ ಬಿಡಿ ಸರ್, ಎಲ್ರಿಗೂ ಹೊಡಿಯುತ್ತಲ್ಲ!"

ಆಮೇಲಿನ ಇಪ್ಪತ್ತು ನಿಮಿಷ ಮೈದಾನದಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರೇ ಧನ್ಯರು. ಸಮಯ ನೋಡುವವರು ತಮ್ಮ ಕುರ್ಚಿಗಳನ್ನು ತಾವೇ ಹೊತ್ತು ಓಡಿದರು, ನಮ್ಮ ಮೇಲಧಿಕಾರಿಗಳೇ ಸುಣ್ಣದ ಬಕೆಟ್ಟು ಹಿಡಿದರು, ಸಹಾಯಕಿ ಗೆರೆ ಎಳೆದರು. ಜೀಪಿನ ಬಾನೆಟ್ಟಿನ ಮೇಲೆಯೇ ಅನುಮತಿಗೆ ಸಹಿ ಬಿತ್ತು. ಢಂ! ಸಾಹೇಬರು ಬೆಚ್ಚಿ ಬಿದ್ದು, ಟೇಪು ಕೈಬಿಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಬಿಟ್ಟು ನೋಡುವಷ್ಟರಲ್ಲಿ ಹುಡುಗಿ ಅರ್ಧ ದಾರಿ ದಾಟಿಯಾಗಿತ್ತು. ಬಂದದ್ದು ಎರಡನೆಯವಳಾಗಿ, ಆದರೆ ಸಮಯ ಸಾಕಾಗಿತ್ತು, ಆಯ್ಕೆಯೂ ಆಯಿತು. ಸಾಹೇಬರಿಗೆ ಒಂದು ವಾರದ ಮೇಲೆ ಎಚ್ಚರಿಕೆ ಪತ್ರ ಬಂತು. ಅದನ್ನೂ ಅವರು ಶಾಖೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಅಂದಿನಿಂದ ಸ್ಥಳಕ್ಕೆ ಹೋಗಿ ಅಳೆಯದೆ ನಮ್ಮ ಶಾಖೆಯಿಂದ ಒಂದು ಅರ್ಜಿಯೂ ತಿರಸ್ಕೃತವಾಗಿಲ್ಲ.

ಆ ಹುಡುಗಿ ಇಂದು ಅದೇ ಮೈದಾನದ ತರಬೇತುದಾರರು. ಮುಂದಿನ ಭಾನುವಾರದ ಕ್ರೀಡಾಕೂಟದಲ್ಲಿ ಮೊದಲ ಓಟದ ಗುಂಡನ್ನು ಸಾಹೇಬರೇ ಹಾರಿಸಬೇಕೆಂದು ಅವರು ಹಟ ಹಿಡಿದಿದ್ದಾರೆ. ಸಾಹೇಬರು ಕ್ಯೂನಲ್ಲಿ ನಿಂತು ಅರ್ಜಿ ಸಲ್ಲಿಸಿದರು. ಅವರ ಕುರ್ಚಿಯನ್ನು ವಹಿಸಿಕೊಳ್ಳಲಿರುವ ಆ ಸಹಾಯಕಿ ಪುಸ್ತಕ ತೆಗೆದು, ಗಟ್ಟಿಯಾಗಿ ಓದಿ, ಅರ್ಜಿಯನ್ನು ವಾಪಸು ಕೊಟ್ಟರು.

"ಸ್ಥಳ ಅನ್ನೋ ಕಡೆ ಬರೀ 'ಮೈದಾನ' ಅಂತ ಬರೆದಿದ್ದೀರಲ್ಲ ಸರ್? ಗುಂಡು ಎಲ್ಲಿ ನಿಂತು ಹಾರಿಸ್ತೀರಿ? ಬನ್ನಿ, ಅಳೆಯೋಣ."

ಮರೆತದ್ದೋ, ಬೇಕೆಂದೇ ಹಾಗೆ ಬರೆದದ್ದೋ, ಸಾಹೇಬರು ಇನ್ನೂ ಬಾಯಿ ಬಿಟ್ಟಿಲ್ಲ. ಹಿಗ್ಗಿ ಹೀರೆಕಾಯಿಯಾಗಿ, "ಇನ್ನು ನಾನು ಧೈರ್ಯವಾಗಿ ಮನೆಗೆ ಹೋಗ್ಬಹುದಮ್ಮ" ಎಂದಷ್ಟೇ ಹೇಳಿ ಟೇಪಿನ ತುದಿ ಹಿಡಿದರು.

ಅನುಮತಿ ಪತ್ರ ಸಿದ್ಧವಾಗಿದೆ. ಪೂಜ್ಯರಾದ ಸಾಹೇಬರಿಗೆ ದೀರ್ಘಾಯುಷ್ಯವೂ, ಮೈದಾನದ ತುದಿಯಿಂದ ತುದಿಗೆ ನಡೆಯುವ ಕಾಲುಗಳೂ, ಇನ್ನೂ ಹಲವರಿಗೆ ನಿಯಮ ಓದಿ ಹೇಳುವ ಕಂಠವೂ ಇರಲೆಂದು ಶಾಖೆಯ ಪರವಾಗಿ ಹಾರೈಸುತ್ತೇವೆ. ಭಾನುವಾರ ನಾವೆಲ್ಲ ಗೆರೆಯ ಪಕ್ಕದಲ್ಲೇ ನಿಂತಿರುತ್ತೇವೆ. ಈ ಸಲವಾದರೂ ಅವರು ಕಣ್ಣು ಬಿಟ್ಟುಕೊಂಡು ಓಟವನ್ನು ಮೊದಲಿನಿಂದ ನೋಡಲಿ.